ಓಲಾಡುವ ಸೋಡಿಯಂ

ವಿಜ್ಞಾನ ಪಾಠ ಮಾಡೋಕೆ ಹೊಸದಾಗಿ ಸೇರಿರೋ ನಿಮಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮಕ್ಕಳು ಆಸಿಡ್ಡಿಗೆ ಹೆದರಲ್ಲ. ಬಾಟಲಿ ಮುಚ್ಚಳ ತೆಗೆದು ಮೂಸಿ ನೋಡೋಷ್ಟು ಧೈರ್ಯ ಅವಕ್ಕಿದೆ. ಅವು ನಡುಗೋದು ನಾವು ಬೋರ್ಡಿನ ಮೇಲೆ ಬರೆಯೋ ಎರಡು, ಎಂಟು, ಒಂದು ಅನ್ನೋ ಮೂರು ಅಂಕಿಗೆ. ಕಣ್ಣಿಗೆ ಕಾಣದ ಪರಮಾಣು, ಅದರೊಳಗೆ ಅದಕ್ಕಿಂತಲೂ ಕಾಣದ ಎಲೆಕ್ಟ್ರಾನು, ಅದು ಯಾವ ಕವಚದಲ್ಲಿ ಎಷ್ಟು ಕೂತಿದೆ ಅನ್ನೋ ಲೆಕ್ಕ ಬೇರೆ. ಮಿಸ್ ಹೇಳ್ತಾರೆ, ನಾವು ಬರೀತೀವಿ ಅಂತ ಬರೆದುಕೊಳ್ತವೆಯೇ ಹೊರತು ಒಂದು ಮಗುವೂ ಅದನ್ನ ಒಳಗೊಳಗೆ ನಂಬಿರಲ್ಲ.

ನಾನು ನಿವೃತ್ತಳಾದ ಮೇಲೆ ಆಗಾಗ ಹೊಸ ಮೇಷ್ಟ್ರುಗಳು ಮನೆಗೆ ಬಂದು "ಮಿಸ್, ನಿಮ್ಮ ಅನುಭವ ಹೇಳಿ" ಅಂತ ಕೂರ್ತಾರೆ. ಯಾವಾಗ ಸೇರಿದೆ, ಯಾವಾಗ ಬಡ್ತಿ ಸಿಕ್ತು ಅನ್ನೋದು ನನಗೇ ಬೇಜಾರು, ನಿಮಗಿನ್ನೆಷ್ಟು. ನಾನು ಹೇಳಬೇಕು ಅಂತಿರೋದು ಭಾಗ್ಯ ಅನ್ನೋ ಹುಡುಗಿ ವಿಚಾರ. ಕಣ್ಣು ಕಾಣದ ಹುಡುಗಿ, ವಿಜ್ಞಾನ ಓದೇ ಓದ್ತೀನಿ ಅಂತ ಕೂತಳು. ಓದೋಕೆ ಬಿಡಬೇಕಾ ಬೇಡವಾ ಅನ್ನೋದು ನಮ್ಮ ಸ್ಕೂಲಲ್ಲಿ ದೊಡ್ಡ ರಾಮಾಯಣ ಆಯ್ತು. ಆದರೆ ನೇರ ಅಲ್ಲಿಗೆ ಹಾರಿದರೆ ನಿಮಗೆ ತಲೆಬುಡ ತಿಳಿಯಲ್ಲ, ಒಸಿ ಹಿಂದಿನಿಂದಲೇ ಬರ್ತೀನಿ.

ನನಗೆ ಮೊದಲು ಹಾಕಿದ್ದು ಮಾಗಡಿ ತಾಲೂಕು, ಸೋಲೂರು ಕಡೆಯ ಒಂದು ಹೈಸ್ಕೂಲಿಗೆ. ಲ್ಯಾಬು ಅಂತ ಒಂದು ಬೀರು ಇತ್ತು, ಅದರ ಬೀಗದ ಕೈ ಹಿಂದಿನ ಮೇಷ್ಟ್ರ ಜೊತೆ ವರ್ಗವಾಗಿ ಹೋಗಿತ್ತು. ಅಲ್ಲಿನ ಹೆಡ್ ಮಾಸ್ಟ್ರಿಗೆ ಅಂದವೇ ಪಾಠ. ನಾನು ಬೋರ್ಡಿನ ಮೇಲೆ ಪರಮಾಣುವಿನ ಚಿತ್ರ ಬರೆದರೆ ಕಿಟಕಿ ಹತ್ರ ಬಂದು ನಿಂತು, "ಏನಮ್ಮಾ ಇದು, ಹಪ್ಪಳ ಒಣಗಿಸಿದಂಗೆ ಬರೆದಿದ್ದೀಯ? ದುಂಡಗೆ ಬರಿ!" ಅಂತ ಒಳಗೆ ಬಂದು ಡಸ್ಟರ್ ಕಿತ್ಕೊಂಡು ಅಳಿಸಿಬಿಡೋರು. ಮಕ್ಕಳ ಮುಂದೆ ಮಾನ ಹರಾಜು. ಆಮೇಲೆ ನೋಡಿದೆ, ಮಕ್ಕಳ ಚಿತ್ರ ಮಾತ್ರ ಅಷ್ಟು ದುಂಡಗೆ ಬರ್ತಾವೆ! ಹೆಂಗೆ ಅಂತ ಬಗ್ಗಿ ನೋಡಿದರೆ, ಒಳಗಿನ ಕವಚಕ್ಕೆ ನಾಣ್ಯ, ಎರಡನೇದಕ್ಕೆ ಸೋಡಾ ಬಾಟಲಿ ಮುಚ್ಚಳ, ಮೂರನೇದಕ್ಕೆ ಪಕ್ಕದ ಹುಡುಗಿ ಕೈಬಳೆ. ಇಟ್ಟು ಸುತ್ತ ಪೆನ್ಸಿಲ್ ಎಳೆಯೋದು. ಬಳೆ ಇಲ್ಲದ ಸಾಲಿನ ಹುಡುಗರು ಮುಂದಿನ ಸಾಲಿಗೆ "ಒಸಿ ಬಳೆ ಕೊಡಮ್ಮೀ" ಅಂತ ಅಂಗಲಾಚೋರು. ಮಾರನೇ ದಿನದಿಂದ ನಾನೂ ಬ್ಯಾಗಲ್ಲಿ ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು ಹೋದೆ. ಲೋಟ ಇಟ್ಟು ಒಂದು ಸುತ್ತು, ತಟ್ಟೆ ಇಟ್ಟು ಇನ್ನೊಂದು ಸುತ್ತು. ಹೆಡ್ ಮಾಸ್ಟ್ರು ಕಿಟಕಿಯಿಂದ ನೋಡಿ, "ಈಗ ಪರವಾಗಿಲ್ಲ" ಅಂದರು.

ಅಲ್ಲೇ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಮಿಸ್, ನೀವು ಪರಮಾಣು ನೋಡಿದ್ದೀರಾ?" ಇಲ್ಲ ಅಂದೆ. "ನಮ್ಮ ಹೆಡ್ ಮಾಸ್ಟ್ರು?" ಅವರೂ ಇಲ್ಲ. "ಹಂಗಾದ್ರೆ ದುಂಡಗಿರ್ತದೆ ಅಂತ ಯಾರು ಹೇಳಿದ್ದು?" ನನಗೆ ನಗೂನೂ ಬಂತು, ಬೆವರೂ ಬಂತು. ಸಾವನದುರ್ಗದ ಬೆಟ್ಟದ ಹಿಂದೆ ಯಾರಾದರೂ ಹೊಲ ಸುಟ್ಟರೆ ನಮಗೆ ಬೆಂಕಿ ಕಾಣಲ್ಲ, ಹೊಗೆ ಕಾಣುತ್ತೆ, ಹೊಗೆ ನೋಡಿ ಬೆಂಕಿ ಅಂತೀವಲ್ಲ, ಹಂಗೆ ಕಣಪ್ಪ ಅಂದೆ. ಅವನು ಅರ್ಧ ಒಪ್ಪಿ ಕೂತ. ಇವತ್ತಿಗೂ ಆ ಪ್ರಶ್ನೆಗೆ ನನ್ನ ಹತ್ರ ಅದಕ್ಕಿಂತ ಒಳ್ಳೇ ಉತ್ತರ ಇಲ್ಲ.

ಅಲ್ಲಿಂದ ಕನಕಪುರ. ಅಲ್ಲಿ ಲ್ಯಾಬು ನಿಜವಾಗಲೂ ಇತ್ತು, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಲೋಹವೂ ಇತ್ತು. ನಾನು ಕಾಲೇಜು ಬಿಟ್ಟಮೇಲೆ ಅದರ ಮುಖ ನೋಡಿರಲಿಲ್ಲ. ಖುಷಿಯಲ್ಲಿ ಒಂದು ಚೂರು ಕತ್ತರಿಸಿ ನೀರಿನ ತೊಟ್ಟಿಗೆ ಹಾಕಿದೆ. ಹುರುಳಿಕಾಳಿನಷ್ಟು ಹಾಕಬೇಕಾದ ಕಡೆ ಹುಣಸೆಬೀಜದಷ್ಟು ಹಾಕಿದ್ದೆ ಅಂತ ಕಾಣುತ್ತೆ. ಅದು ನೀರಿನ ಮೇಲೆ ಹುಚ್ಚು ಹಿಡಿದಂಗೆ ಸುತ್ತಾಡಿ, ಹಳದಿ ಉರಿ ಕಾರಿ, ಢಮಾರ್ ಅಂತು. ಗಾಜಿನ ತೊಟ್ಟಿ ಎರಡು ಹೋಳು. ಮಕ್ಕಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು, ಆದರೆ ನನ್ನ ಜೀವ ಬಾಯಿಗೆ ಬಂದಿತ್ತು. ಅಟೆಂಡರ್ ಮಾತ್ರ ಆವತ್ತಿಂದ ನಾನು ಲ್ಯಾಬಿಗೆ ಹೋದರೆ ಗೇಟಿನ ಹತ್ರ ಹೋಗಿ ನಿಂತ್ಕೊಳ್ಳೋರು. ನೀವು ಮಾಡೋದಾದರೆ ಕಾಳಿನಷ್ಟು ಮಾತ್ರ ಹಾಕಿ, ಮಕ್ಕಳನ್ನ ದೂರ ನಿಲ್ಲಿಸಿ.

ಹೊಗೆ ಎಲ್ಲ ಹೋದಮೇಲೆ ಒಂದು ಹುಡುಗಿ ಕೇಳಿದಳು, "ಅದ್ಯಾಕೆ ಮಿಸ್ ಹಂಗೆ ಎಗರಾಡ್ತು?" ಆಗ ನಾನು ಎರಡು, ಎಂಟು, ಒಂದು ಅಂತ ಬರೆದೆ. ಒಳಗಿನ ಎರಡು ಕವಚ ತುಂಬಿದೆ, ಹೊರಗಡೆ ಒಂಟಿ ಎಲೆಕ್ಟ್ರಾನು. ಅದನ್ನ ಯಾರಿಗಾದರೂ ಕೊಟ್ಟು ನೆಮ್ಮದಿಯಾಗೋವರೆಗೂ ಸೋಡಿಯಮ್ಮಿಗೆ ನಿಂತಲ್ಲಿ ನಿಲ್ಲೋಕೆ ಆಗಲ್ಲ ಅಂದೆ. ಢಮಾರ್ ಅಂದ ಮೇಲೆ ಆ ಮೂರು ಅಂಕಿ ಯಾರೂ ಮರೀಲಿಲ್ಲ. ತೊಟ್ಟಿ ಹೋದರೂ ಪಾಠ ಉಳೀತು.

ಸಾಪೇಕ್ಷ ರಾಶಿ ಇನ್ನೊಂದು ತಲೆನೋವು. ಸೋಡಿಯಂ ಇಪ್ಪತ್ಮೂರು ಅಂದರೆ "ಇಪ್ಪತ್ಮೂರು ಏನು ಮಿಸ್, ಗ್ರಾಮಾ, ಕೇಜಿಯಾ?" ಏನೂ ಅಲ್ಲ ಕಣ್ರೋ, ಹೈಡ್ರೋಜನ್ ಒಂದು ಅಂತ ಇಟ್ಟುಕೊಂಡರೆ ಅದರ ಇಪ್ಪತ್ಮೂರರಷ್ಟು ಭಾರ ಅಂತ. ಪುಸ್ತಕದಲ್ಲಿ ಕಾರ್ಬನ್ನಿನ ಹನ್ನೆರಡರಲ್ಲಿ ಒಂದು ಪಾಲು ಅಂತಿರುತ್ತೆ, ಅದು ಆಮೇಲೆ ಹೇಳಿ. ರಾಮನಗರಕ್ಕೆ ಹೋದಾಗ ಕ್ಲೋರಿನ್ ಬಂದು ಕುತ್ತಿಗೆಗೆ ಕೂತ್ಕೊಳ್ತು. ಅದು ಮೂವತ್ತೈದೂವರೆ. ಒಬ್ಬ ಹುಡುಗ, ಅವರಪ್ಪ ರೇಷ್ಮೆ ರೀಲರ್, ಗೂಡು ಕೊಂಡು ನೂಲು ತೆಗೆಯೋರು, "ಅರ್ಧ ಪ್ರೋಟಾನ್ ಎಲ್ಲಿಂದ ತಂದ್ರಿ ಮಿಸ್?" ಅಂತ ನಕ್ಕ. ಕ್ಲಾಸೆಲ್ಲ ನಕ್ಕಿತು. ನಾನು ಅವನನ್ನೇ ಕೇಳಿದೆ, ಮಾರ್ಕೆಟ್ಟಿನಲ್ಲಿ ನಿಮ್ಮಪ್ಪ ಗೂಡಿನ ಲಾಟು ನೋಡ್ತಾರಲ್ಲ, ಒಂದು ಗೂಡಿನ ತೂಕ ಹೇಳು ಅಂದರೆ ಏನು ಹೇಳ್ತಾರೆ? "ಒಂದ್ರದ್ದು ಯಾರು ಹೇಳ್ತಾರೆ ಮಿಸ್, ದಪ್ಪದೂ ಇರ್ತದೆ, ಸಣ್ಣದೂ ಇರ್ತದೆ. ಒಟ್ಟು ತೂಗಿ ಸರಾಸರಿ ಹೇಳ್ತಾರೆ." ಆಯ್ತಲ್ಲಪ್ಪ, ಕ್ಲೋರಿನ್ನಿನ ಲಾಟಿನಲ್ಲೂ ಮೂವತ್ತೈದರದ್ದು ಮೂರು ಪಾಲು, ಮೂವತ್ತೇಳರದ್ದು ಒಂದು ಪಾಲು, ಸರಾಸರಿ ಹಾಕು ಅಂದೆ. ಹಾಕಿ ನೋಡಿ, "ಅರೇ, ಸರಿಹೋಯ್ತು!" ಅಂತ ಕಣ್ಣು ಕಣ್ಣು ಬಿಟ್ಟ.

ಇಷ್ಟೆಲ್ಲ ಆಟ ಆಡಿದ್ದು ಕಣ್ಣು ಕಾಣೋ ಮಕ್ಕಳ ಜೊತೆ. ಬೋರ್ಡು, ಬಣ್ಣದ ಸೀಮೆಸುಣ್ಣ, ಆಮೇಲೆ ಚಾರ್ಟು, ಆಮೇಲೆ ಗೋಡೆ ಮೇಲೆ ದೊಡ್ಡ ಟೀವಿ. ಅದರಲ್ಲಿ ಎಲೆಕ್ಟ್ರಾನು ಸುಯ್ ಅಂತ ಸುತ್ತೋದನ್ನ ತೋರಿಸಿ ನಾನು ಕಾಫಿ ಕುಡಿಯೋಕೆ ಹೋಗಬಹುದಿತ್ತು. ಅಷ್ಟೊತ್ತಿಗೆ ಚನ್ನಪಟ್ಟಣ ತಾಲೂಕಿಗೆ, ವಿರೂಪಾಕ್ಷಿಪುರದ ಕಡೆಯ ಶಾಲೆಗೆ ಬಂದಿದ್ದೆ. ನಿವೃತ್ತಿಗೆ ಇನ್ನೆರಡೇ ವರ್ಷ ಇತ್ತು. ಆಗ ಭಾಗ್ಯ ಒಂಬತ್ತನೇ ಕ್ಲಾಸಿಗೆ ಬಂದು ಸೇರಿದಳು.

ಹುಟ್ಟಿನಿಂದಲೇ ಕಣ್ಣಿಲ್ಲ. ಬಿಸಿಲಿಗೂ ಕತ್ತಲಿಗೂ ವ್ಯತ್ಯಾಸ ಗೊತ್ತಾಗೋದು ಅಷ್ಟೆ. ಅಲ್ಲೀವರೆಗೂ ಹಾಸ್ಟೆಲ್ಲಿದ್ದ ಶಾಲೆಯಲ್ಲಿ ಬ್ರೈಲ್ ಓದಿದ್ದಳು. ಅವರಮ್ಮ ಗೌರಮ್ಮ, ಡೈರಿಗೆ ಹಾಲು ಹಾಕೋ ಹೆಂಗಸು, ಮಗಳು ಮನೇಲೇ ಇರಲಿ ಅಂತ ನಮ್ಮ ಸ್ಕೂಲಿಗೆ ಕರ್ಕೊಂಡು ಬಂದಿದ್ದಳು. ನಮ್ಮ ಹೆಡ್ ಮಾಸ್ಟ್ರು ಶಿವಲಿಂಗಯ್ಯನವರು ತುಂಬ ಒಳ್ಳೆಯವರು, ತುಂಬ ಹೆದರುಪುಕ್ಕಲರು. ಅವರು ಸೇರಿಸಿಕೊಂಡು, "ವಿಜ್ಞಾನ ಬೇಡಮ್ಮಾ, ನಿನ್ನಂಥವರಿಗೆ ಅದರ ಬದಲು ಬೇರೆ ವಿಷಯ ತಗೊಳ್ಳೋ ಅವಕಾಶ ಇದೆ. ಆರಾಮಾಗಿ ಪಾಸಾಗ್ತೀಯ" ಅಂದರು.

"ನಂಗೆ ವಿಜ್ಞಾನವೇ ಬೇಕು ಸಾರ್" ಅಂದಳು ಭಾಗ್ಯ.

"ಚಿತ್ರ ಇರ್ತದೆ, ಪ್ರಯೋಗ ಇರ್ತದೆ, ಹೆಂಗೆ ಓದ್ತೀಯ?"

"ನೀವು ಪರಮಾಣು ನೋಡಿದ್ದೀರಾ ಸಾರ್?"

ನಾನು ಬಾಗಿಲ ಹತ್ರ ನಿಂತಿದ್ದೆ. ಸೋಲೂರಿನ ಹುಡುಗ ಎದುರಿಗೆ ಬಂದು ನಿಂತಂಗಾಯ್ತು. ಶಿವಲಿಂಗಯ್ಯನವರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. "ಅದನ್ನ ಬರಿಗಣ್ಣಲ್ಲಿ ಯಾರೂ ನೋಡಿಲ್ಲಮ್ಮ" ಅಂದೆ. "ಹಂಗಾದ್ರೆ ಅದ್ರಲ್ಲಿ ನಾನೂ ನೀವೂ ಒಂದೇ ತಾನೇ ಮಿಸ್?" ಅಂದಳು. ಅವತ್ತೇ ನನಗೆ ಆ ಹುಡುಗಿ ಮೇಲೆ ಪ್ರೀತಿ ಬಂದುಬಿಡ್ತು, ಮುಚ್ಚಿಟ್ಟು ಏನು ಪ್ರಯೋಜನ.

ಅವಳು ಹೊರಗೆ ಹೋದಮೇಲೆ ಹೆಡ್ ಮಾಸ್ಟ್ರು ದನಿ ಇಳಿಸಿ ಹೇಳಿದರು. ಹಿಂದೆ ಅವರಿದ್ದ ಶಾಲೇಲಿ ಇಂಥದ್ದೇ ಒಬ್ಬ ಹುಡುಗ ಹಟ ಮಾಡಿ ವಿಜ್ಞಾನ ಬರೆದನಂತೆ. ಆ ಒಂದು ವಿಷಯ ಹೋಯ್ತು, ಮತ್ತೆ ಕಟ್ಟಲೇ ಇಲ್ಲ, ಸ್ಕೂಲ್ ಕಡೆ ತಲೆ ಹಾಕಲಿಲ್ಲ. "ಅವನನ್ನ ಈಗ್ಲೂ ಬಸ್ ಸ್ಟ್ಯಾಂಡಲ್ಲಿ ನೋಡ್ತೀನಿ ಮೇಡಂ. ನನ್ನ ದನಿ ಕೇಳಿದ್ರೆ ಆ ಕಡೆ ತಿರುಗಿಕೊಳ್ತಾನೆ. ಈ ಮಗೂನ ನಾನು ಹಂಗೆ ಮಾಡಲಾರೆ." ಅವರ ಕಣ್ಣಲ್ಲಿ ನೀರಿತ್ತು. ಇಂಥವರ ಮೇಲೆ ಸಿಟ್ಟು ಮಾಡೋಕೆ ಆಗುತ್ತಾ ಹೇಳಿ?

ಕೊನೆಗೆ ಒಂದು ಒಪ್ಪಂದ ಆಯ್ತು. ಶಿಕ್ಷಣ ಇಲಾಖೆಯ ಆಫೀಸರ್ ಮೇಡಂ ತಪಾಸಣೆಗೆ ಬಂದಾಗ ಹುಡುಗಿಯನ್ನ ಅವರೇ ಪರೀಕ್ಷೆ ಮಾಡಲಿ. ಅವರಿಗೆ ಸರಿ ಅನಿಸಿದರೆ ವಿಜ್ಞಾನ, ಇಲ್ಲ ಅಂದರೆ ಬದಲಿ ವಿಷಯ. ಭಾಗ್ಯ ಒಪ್ಪಿದಳು. "ಆದ್ರೆ ನಂಗೆ ಮುಟ್ಟೋಕೆ ಏನಾದ್ರೂ ಕೊಡಿ ಮಿಸ್" ಅಂದಳು.

ಏನು ಕೊಡೋದು? ಹಳೇ ಬಳೆ ನೆನಪಾಯ್ತು. ಮಗುವಿನ ಬಳೆ, ಹುಡುಗಿ ಬಳೆ, ನನ್ನ ಬಳೆ, ಒಂದರೊಳಗೊಂದು ರಟ್ಟಿನ ಮೇಲೆ ಹೊಲಿದು, ಎಲೆಕ್ಟ್ರಾನಿಗೆ ಅವರೆಕಾಳು ಅಂಟಿಸಿದೆ. ಅವಳ ಬೆರಳು ಆ ಕಾಳಿನ ಮೇಲೆ ಓಡೋದನ್ನ ನೀವು ನೋಡಬೇಕಿತ್ತು. ಎರಡು ದಿನದಲ್ಲಿ ಹೈಡ್ರೋಜನ್ನಿಂದ ಆರ್ಗಾನ್‌ವರೆಗೂ ಬಾಯಿಪಾಠ ಅಲ್ಲ, ಕೈಪಾಠ ಮಾಡಿದಳು. ಕಾಳು ಉದುರೋವು, ಇಲಿ ತಿನ್ನೋವು. ಇವಳೇ ನಗ್ತಾ, "ಮಿಸ್, ನಿನ್ನೆ ಆಕ್ಸಿಜನ್ ಇತ್ತು, ಇಲಿ ಬಂದು ಕಾರ್ಬನ್ ಮಾಡ್ಬುಟ್ಟೈತೆ" ಅನ್ನೋಳು. ಒಂದು ದಿನ ರಟ್ಟು ಕೈಲಿ ಹಿಡಿದು, "ಇದ್ರಲ್ಲಿ ಭಾರ ಎಲ್ಲೈತೆ ಮಿಸ್? ಎಲ್ಲ ಕಡೆ ಒಂದೇ ಥರ ಹಗುರ ಐತಲ್ಲ" ಅಂದಳು. ಇಷ್ಟು ವರ್ಷದಲ್ಲಿ ಯಾವ ಮಗುವೂ ಕೇಳದೇ ಇದ್ದ ಪ್ರಶ್ನೆ. ಪರಮಾಣುವಿನ ಭಾರವೆಲ್ಲ ನಡುವಿನ ಬೀಜಕೇಂದ್ರದಲ್ಲಿ, ಸುತ್ತೋ ಎಲೆಕ್ಟ್ರಾನಿಗೆ ಲೆಕ್ಕಕ್ಕೆ ಬರೋಷ್ಟು ತೂಕವೇ ಇಲ್ಲ. ಕಣ್ಣಿರೋರಿಗೆ ಚಿತ್ರದಲ್ಲಿ ಅದು ಗೊತ್ತೇ ಆಗಲ್ಲ ನೋಡಿ.

ಅವತ್ತೇ ಚನ್ನಪಟ್ಟಣಕ್ಕೆ ಹೋಗಿ ಜಬ್ಬಾರ್ ಸಾಬ್ರ ಮನೆ ಬಾಗಿಲು ತಟ್ಟಿದೆ. ಅವರು ಬೊಂಬೆ ಮಾಡೋರು, ಅವರ ಮಗಳು ಹಿಂದೆ ನನ್ನ ವಿದ್ಯಾರ್ಥಿನಿ. ಲೇತಿನ ಮೇಲೆ ಮರ ತಿರುಗ್ತಿರುವಾಗ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸೋದನ್ನ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನಾನು ಚಿತ್ರ ಬರೆದು ಕೊಟ್ಟೆ. ಮರದ ತಟ್ಟೆ, ಅದರಲ್ಲಿ ಮೂರು ಸುತ್ತು ಗೆರೆ, ಗೆರೆಯಲ್ಲಿ ಎರಡು, ಎಂಟು, ಎಂಟು ತೂತು, ತೂತಿಗೆ ಸಿಕ್ಕಿಸೋಕೆ ಸಣ್ಣ ಗುಂಡು, ಮಕ್ಕಳು ಕಿತ್ತು ಮತ್ತೆ ಸಿಕ್ಕಿಸೋ ಹಂಗಿರಬೇಕು, ಗೋಂದು ಬೇಡ. ನಡುವಿನ ಉಂಡೆ ಒಳಗೆ ಸೈಕಲ್ಲಿನ ಕಬ್ಬಿಣದ ಗುಂಡು ಹಾಕಿ, ಭಾರ ಇರಲಿ. ತಟ್ಟೆ ಬುಗುರಿ ಥರ ಗೂಟದ ಮೇಲೆ ತಿರುಗಲಿ. ಮೊದಲು ನಾಲ್ಕು ಮಾಡಿಕೊಡಿ ಅಂದೆ. ಆಕ್ಸಿಜನ್, ನಿಯಾನ್, ಸೋಡಿಯಂ, ಕ್ಲೋರಿನ್.

ಸಾಬ್ರು ಚಿತ್ರ ತಿರುಗಿಸಿ ತಿರುಗಿಸಿ ನೋಡಿದರು. "ಕಣ್ಣಿಲ್ದಿರೋ ಬಚ್ಚೀಗಾ ಮಿಸ್? ಹಂಗಾದ್ರೆ ಫಸ್ಟ್ ಕ್ಲಾಸ್ ಮಾಡ್ತೀನಿ, ನೋಡಿ" ಅಂದರು. ಆ 'ಫಸ್ಟ್ ಕ್ಲಾಸ್' ಅನ್ನೋ ಮಾತಿನಲ್ಲೇ ಮುಂದಿನ ಅನಾಹುತ ಇತ್ತು ಅಂತ ನನಗೇನು ಕನಸು ಬಿದ್ದಿತ್ತಾ?

ಆಫೀಸರ್ ಮೇಡಂ ಮುಂದಿನ ವಾರ ಬರಬೇಕಾದವರು ಒಂದು ಬೆಳಿಗ್ಗೆ ದಿಢೀರ್ ಅಂತ ಬಂದುಬಿಟ್ಟರು. ಅದೇ ಹೊತ್ತಿಗೆ ಜಬ್ಬಾರ್ ಸಾಬ್ರೂ ಸ್ಕೂಟರ್ ಮೇಲೆ ತಟ್ಟೆಗಳನ್ನ ಬಟ್ಟೇಲಿ ಸುತ್ತಿಕೊಂಡು ಬಂದರು. ಬಿಚ್ಚಿದರೆ, ಅಬ್ಬಾ ಏನು ಚೆಂದ! ಕೆಂಪು, ಹಳದಿ, ಹಸಿರು, ತಾಳೆಗರಿಯಲ್ಲಿ ಉಜ್ಜಿ ಕನ್ನಡಿ ಥರ ಹೊಳೀತಿದ್ದವು. ತಟ್ಟೆ ಅಂಚಿಗೆ ಸಾಬ್ರು ನನ್ನ ಚಿತ್ರ ನೋಡಿ ಹೆಸರೂ ಬರೆಸಿದ್ದರು. ಶಿವಲಿಂಗಯ್ಯನವರು ಅದನ್ನ ಹಂಗೇ ಎತ್ತಿಕೊಂಡು ಹೋಗಿ ಆಫೀಸರ್ ಮುಂದಿನ ಮೇಜಿನ ಮೇಲೆ ಜೋಡಿಸಿದರು. ನನಗೆ ಒಂದನ್ನೂ ಎಣಿಸಿ ನೋಡೋಕೆ ಪುರಸೊತ್ತಿರಲಿಲ್ಲ. ಭಾಗ್ಯಳನ್ನ ಕರೆಸಿದರು. ಗೌರಮ್ಮ ಹಾಲಿನ ಕ್ಯಾನ್ ಹಿಡ್ಕೊಂಡೇ ಬಂದು ಬಾಗಿಲ ಹೊರಗೆ ನಿಂತಳು. ಸಾಬ್ರೂ ಅವಳ ಪಕ್ಕದಲ್ಲೇ ನಿಂತರು.

ಆಫೀಸರ್ ಮೇಡಂ ಮೊದಲನೇ ತಟ್ಟೆ ಅವಳ ಕೈಗೆ ಕೊಟ್ಟರು. ಭಾಗ್ಯ ಎಡಗೈಲಿ ಹಿಡಿದು ಬಲಗೈ ಬೆರಳು ಒಂದು ಸುತ್ತು ಓಡಿಸಿದಳು. "ಎರಡು, ಆರು. ಆಕ್ಸಿಜನ್." ಸರಿ. ಎರಡನೇದು. "ಎರಡು, ಎಂಟು. ನಿಯಾನ್." ಸರಿ. ಹೆಡ್ ಮಾಸ್ಟ್ರ ಮುಖ ಅರಳಿತು.

ಮೂರನೇದರ ಮೇಲೆ ಸೋಡಿಯಂ ಅಂತ ಬರೆದಿತ್ತು. ಭಾಗ್ಯ ಸವರಿದಳು. ಮತ್ತೆ ಸವರಿದಳು. "ಮೆಗ್ನೀಸಿಯಂ" ಅಂದಳು.

ಆಫೀಸರ್ ಮೇಡಂ ಅಂಚಿನ ಹೆಸರು ನೋಡಿ, "ಸರಿಯಾಗಿ ನೋಡಮ್ಮ" ಅಂದರು. ನೋಡು ಅಂದಿದ್ದು ತಿಳಿದು ನಾಲಿಗೆ ಕಚ್ಚಿಕೊಂಡು, "ಮುಟ್ಟಿ ನೋಡು" ಅಂದರು.

"ಮೆಗ್ನೀಸಿಯಮ್ಮೇ ಮೇಡಂ."

ನಾಲ್ಕನೇದು ಕ್ಲೋರಿನ್. "ಇದು ಆರ್ಗಾನ್."

ಎರಡು ತಪ್ಪು. ಹೆಡ್ ಮಾಸ್ಟ್ರ ಮುಖ ಕಪ್ಪಿಟ್ಟಿತು. "ಸಾಕು ಬಿಡಿ ಮೇಡಂ, ಮಗೂಗೆ ಕಷ್ಟ ಆಗ್ತಿದೆ. ಬದಲಿ ವಿಷಯವೇ ತಗೊಳ್ಳಲಿ" ಅಂತ ಅವರು ಅದರ ಅರ್ಜಿ ಕಡೆ ಕೈ ಚಾಚಿದರು. ಬಾಗಿಲಲ್ಲಿ ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬಳೆ, ಅವರೆಕಾಳಿನಲ್ಲಿ ಒಂದು ದಿನವೂ ತಪ್ಪದ ಹುಡುಗಿ, ಇವತ್ತು ಯಾಕೆ ಹಿಂಗೆ?

ಆದರೆ ಭಾಗ್ಯ ತಟ್ಟೆ ಕೆಳಗಿಡಲಿಲ್ಲ. "ಮಿಸ್, ನೀವಿದ್ದೀರಾ?" ಅಂದಳು. ಇದ್ದೀನಮ್ಮ ಅಂದೆ. "ಈ ನಾಲ್ಕರಲ್ಲಿ ಒಂಟಿ ಗುಂಡು ಒಂದ್ರಲ್ಲೂ ಇಲ್ಲ. ಖಾಲಿ ಜಾಗ ಒಂದೇ ಇರೋದೂ ಇಲ್ಲ. ಎಲ್ಲ ಸಮಸಮ ಐತೆ. ಸೋಡಿಯಮ್ಮೂ ಇಲ್ಲ, ಕ್ಲೋರಿನ್ನೂ ಇಲ್ಲ. ಹೆಸರು ಏನಾದ್ರೂ ಬರ್ದಿದ್ದಾರಾ?"

ನಾನು ಮೇಜಿನ ಹತ್ರ ಓಡಿದೆ. ಸೋಡಿಯಂ ಅಂತ ಬರೆದ ತಟ್ಟೆಯ ಹೊರಗಿನ ಸುತ್ತಿನಲ್ಲಿ ಒಂದರ ಎದುರಿಗೆ ಒಂದು, ಎರಡು ಗುಂಡು. ಕ್ಲೋರಿನ್ನಿನ ಹೊರಸುತ್ತಿನಲ್ಲಿ ಏಳರ ಬದಲು ಎಂಟು. ಆಫೀಸರ್ ಮೇಡಂ ಕನ್ನಡಕ ಏರಿಸಿ ತಾವೇ ಬೆರಳಿಟ್ಟು ಎಣಿಸಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು.

ಜಬ್ಬಾರ್ ಸಾಬ್ರಿಗೆ ಏನೋ ಯಡವಟ್ಟಾಗಿದೆ ಅಂತ ತಿಳೀತು. ಟೋಪಿ ತೆಗೆದು ಕೈಲಿ ಹಿಡಿದುಕೊಂಡು ಒಳಗೆ ಬಂದರು. "ಮಿಸ್, ನೀವು ಬರ್ದಂಗೇ ಮೊದ್ಲು ಮಾಡ್ದೆ. ಒಂದೇ ಗುಂಡು ಇಟ್ರೆ ತಿರುಗಿಸ್ದಾಗ ಓಲಾಡ್ತದೆ. ಇನ್ನೊಂದ್ರಲ್ಲಿ ಒಂದು ಗುಂಡು ಕಮ್ಮಿ, ಅದೂ ಓಲಾಡ್ತದೆ. ಮಿಸ್ ಅವಸರದಲ್ಲಿ ಮರ್ತವ್ರೆ ಅಂದ್ಕೊಂಡೆ. ಓಲಾಡೋ ಸಾಮಾನು ನಮ್ ಕೈಯಿಂದ ಹೋದ್ರೆ ನಮ್ಗೆ ಕಲಿಸಿದ ಉಸ್ತಾದ್ ಹೆಸರು ಖರಾಬ್ ಆಗ್ತದೆ. ಅದ್ಕೆ ಎದುರುಗಡೆ ಒಂದು ಕೂರ್ಸಿ ಬ್ಯಾಲೆನ್ಸ್ ಮಾಡ್ದೆ. ಬಚ್ಚೀಗೆ ಅಂತ ಪ್ಯಾರ್‌ಸೇ ಮಾಡಿದ್ದು ಮಿಸ್. ತಪ್ಪಾಯ್ತಾ?"

ಬೇರೆ ಊರಿನ ಬಡಗಿ ಆಗಿದ್ದರೆ ಚಿತ್ರದಲ್ಲಿದ್ದಂಗೆ ಮಾಡಿ ಕೈ ತೊಳ್ಕೊಳ್ತಿದ್ದ. ತಿರುಗೋ ಸಾಮಾನು ನೆಟ್ಟಗೆ ತಿರುಗಬೇಕು ಅನ್ನೋದು ಬೊಂಬೆ ಮಾಡೋರ ರಕ್ತದಲ್ಲೇ ಇದೆ, ಅವರ ಕೈ ಓಲಾಟ ಕಂಡರೆ ಸುಮ್ಮನಿರಲ್ಲ.

ಭಾಗ್ಯ ಗಟ್ಟಿಯಾಗಿ ನಕ್ಕಳು. "ಅಯ್ಯೋ ಸಾಬ್ರೇ! ಸೋಡಿಯಂ ಓಲಾಡ್ಬೇಕು. ಆ ಒಂಟಿ ಗುಂಡು ಯಾರ್ಗಾದ್ರೂ ಕೊಟ್ಬುಡೋಣ ಅಂತ ಅದು ಒದ್ದಾಡ್ತಿರ್ತದೆ. ಇನ್ನೊಂದು ಗುಂಡು ಸಿಕ್ಕಿದ್ರೆ ಸಾಕು ಅಂತ ಕ್ಲೋರಿನ್ ಕಾಯ್ತಿರ್ತದೆ. ಇದು ಕೊಟ್ಟು ಅದು ತಗೊಂಡ್ರೆ ತಾನೇ ಉಪ್ಪು ಆಗೋದು? ನೀವು ಇಬ್ರಿಗೂ ಮೊದ್ಲೇ ಸಮಾಧಾನ ಮಾಡ್ಬುಟ್ಟಿದ್ದೀರಲ್ಲ, ಇನ್ನು ಉಪ್ಪು ಹೆಂಗಾಗ್ತದೆ?"

ಹಂಗಂದವಳೇ ಸೋಡಿಯಂ ತಟ್ಟೆಯ ಹೊರಗಿನ ಒಂದು ಗುಂಡು ತಿರುವಿ ಕಿತ್ತಳು. ಕ್ಲೋರಿನ್ನಿಂದ ಒಂದು ಕಿತ್ತಳು. ಸೋಡಿಯಂ ತಟ್ಟೆಯನ್ನ ಮೇಜಿನ ಮೇಲಿಟ್ಟು ಜೋರಾಗಿ ತಿರುಗಿಸಿದಳು. ಅದು ಕುಡಿದವನ ಥರ ಓಲಾಡ್ತಾ, ಟಕಟಕ ಟಕಟಕ ಅಂತ ಮೇಜು ಕುಟ್ಟಿಕೊಂಡು ತಿರುಗಿತು. "ಈಗ ಸೋಡಿಯಂ" ಅಂದಳು. ನನಗೆ ಕನಕಪುರದ ನೀರಿನ ತೊಟ್ಟಿ ಕಣ್ಣ ಮುಂದೆ ಬಂತು. ಅಲ್ಲಿ ಗಾಜು ಒಡೆದು ಕಲಿಸಿದ್ದನ್ನ ಈ ಹುಡುಗಿ ಒಂದು ಗುಂಡು ಕಿತ್ತು ತೋರಿಸಿಬಿಟ್ಟಳು. ನಾಚಿಕೆ ಬಿಟ್ಟು ಹೇಳ್ತೀನಿ, ಅಷ್ಟು ಜನರ ಮುಂದೆ ನಾನು ಅತ್ತುಬಿಟ್ಟೆ.

ಆಫೀಸರ್ ಮೇಡಂ ತಟ್ಟೆ ನಿಲ್ಲೋವರೆಗೂ ನೋಡಿ, "ಬರೀಲಿ ಸಾರ್ ಇವಳು" ಅಂದರು. ಜಬ್ಬಾರ್ ಸಾಬ್ರಿಗೆ, "ನೀವು ಮಾಡಿದ್ದು ಬಹಳ ಚೆನ್ನಾಗಿದೆ, ಇನ್ನೊಂದಷ್ಟು ಮಾಡಿ, ಆದ್ರೆ ಮಿಸ್ ಬರೆದಂಗೇ ಇರಲಿ" ಅಂದರು. ಸಾಬ್ರು ಆ ಓಲಾಡೋ ತಟ್ಟೆಯನ್ನ ಇನ್ನೊಂದು ಸಲ ತಿರುಗಿಸಿ ನೋಡಿ, "ಕೈ ಒಪ್ಪಲ್ಲ ಮಿಸ್" ಅಂತ ತಲೆ ಕೊಡವಿದರು. ಆದರೂ ಮಾಡಿಕೊಟ್ಟರು. ಪ್ರತಿ ಸಲ ತರುವಾಗಲೂ, "ಇದು ನನ್ ತಪ್ಪಲ್ಲ, ಇದ್ರ ಗುಣಾನೇ ಹಿಂಗೆ" ಅಂತ ಹೇಳಿಯೇ ಕೊಡೋರು.

ಶಿವಲಿಂಗಯ್ಯನವರು ಮಾತ್ರ ಒಳಗೊಳಗೇ ಹೆದರಿಕೊಂಡೇ ಇದ್ದರು. ಬರೆಯೋಕೆ ಒಪ್ಪಿಗೆ ಸಿಗೋದು ಬೇರೆ, ಪಾಸಾಗೋದು ಬೇರೆ. ಬಸ್ ಸ್ಟ್ಯಾಂಡಿನ ಹುಡುಗ ಅವರ ತಲೆಯಿಂದ ಇಳಿದಿರಲಿಲ್ಲ. ಆ ಸೋಡಿಯಂ ತಟ್ಟೆಯನ್ನ ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು. ಬಂದವರು ತಿರುಗಿಸಿ ನೋಡಿ "ಸಾರ್, ಇದು ಹಾಳಾಗಿದೆ, ರಿಪೇರಿ ಮಾಡ್ಸಿ" ಅಂದರೆ, "ಅದು ಇರೋದೇ ಹಂಗೆ" ಅನ್ನೋರು. ಹತ್ತನೇ ಕ್ಲಾಸಿನ ವರ್ಷ ಪೂರ್ತಿ, ಶಾಲೆ ಬಿಟ್ಟಮೇಲೆ ನಾನು ಭಾಗ್ಯಳಿಗೆ ಪಾಠ ಹೇಳ್ತಿದ್ದರೆ, ಅವರು ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸ್ಕೊಳ್ಳೋರು. ಗೌರಮ್ಮ ಬಂದು, "ಮೇಡಮ್ಮೋರೆ, ನಮ್ಮ ಹುಡ್ಗಿ ದಡ ಸೇರ್ತದಾ?" ಅಂತ ದಿನಾ ಕೇಳೋಳು. ಸೇರ್ತಾಳೆ ಹೋಗಮ್ಮ ಅಂತ ಗದರಿಸಿ ಕಳಿಸ್ತಿದ್ದೆ, ಒಳಗೆ ನನಗೂ ಅದೇ ಪ್ರಶ್ನೆ.

ಪರೀಕ್ಷೆ ದಿನ ಭಾಗ್ಯ ಹೇಳಿದ್ದನ್ನ ಬರೆಯೋಕೆ ಒಂದು ಚಿಕ್ಕ ಕ್ಲಾಸಿನ ಹುಡುಗಿ ಕೂತಿದ್ದಳು. ಹೊರಗೆ ಬಂದ ಭಾಗ್ಯ, "ಮಿಸ್, ಆ ಪಾಪುಗೆ ಮೆಗ್ನೀಸಿಯಂ ಬರೆಯೋಕೆ ಬರಲ್ಲ, ಒಂದೊಂದೇ ಅಕ್ಷರ ಹೇಳಿ ಬರೆಸ್ದೆ, ಟೈಮ್ ಸಾಲಲಿಲ್ಲ. ಕೊನೇದು ಬಿಟ್ಟೋಯ್ತು" ಅಂತ ಮೊದಲನೇ ಸಲ ನನ್ನ ಮುಂದೆ ಅತ್ತಳು. ಅವಳ ಕೈ ಹಿಡ್ಕೊಂಡು ಬಸ್ಸಿನವರೆಗೂ ನಡೆದೆ. ಆ ತಿಂಗಳ ಕೊನೆಗೆ ನಾನು ನಿವೃತ್ತಳಾದೆ. ಹಾರ ಹಾಕಿದರು, ಭಾಷಣ ಮಾಡಿದರು, ನನಗೆ ಒಂದು ಅಕ್ಷರ ತಲೆಗೆ ಹೋಗಲಿಲ್ಲ.

ಫಲಿತಾಂಶದ ದಿನ ಬೆಳಿಗ್ಗೆಯಿಂದ ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಲೆ ಮೇಲೆ ಹಾಲು ಉಕ್ಕಿ ಹೋಯ್ತು, ಏಳಲಿಲ್ಲ. ಕೊನೆಗೂ ರಿಂಗ್ ಆಯ್ತು. ಶಿವಲಿಂಗಯ್ಯನವರು. ಹಲೋ ಅಂದೆ. ಟಕಟಕ ಟಕಟಕ ಅಂತ ಮೇಜಿನ ಮೇಲೆ ಏನೋ ಕುಟ್ಟೋ ಸದ್ದು ಮಾತ್ರ ಕೇಳಿಸ್ತು. ಆಮೇಲೆ ಅವರ ದನಿ, ಅರ್ಧ ಅಳು, ಅರ್ಧ ನಗು.

"ಮೇಡಂ, ಉಪ್ಪಾಯ್ತು. ಉಪ್ಪಾಯ್ತು ಮೇಡಂ."

"ಗೌರಮ್ಮಂಗೆ ಹೇಳಿದ್ರಾ ಸಾರ್?" ಅಂದೆ.

"ಇಲ್ಲೇ ಕೂತವ್ರೆ. ಉಪ್ಪಾಯ್ತು ಅಂದೆ, ಅವ್ರಿಗೆ ತಿಳೀಲಿಲ್ಲ, ನನ್ ಮುಖ ನೋಡಿದ್ರು. ಮಗಳೇ ಹೇಳಿದ್ಲು, ಪಾಸಮ್ಮ ಅಂತ. ಇಬ್ರೂ ತಬ್ಬಿಕೊಂಡು ಅಳ್ತಾವ್ರೆ, ನೀವು ಬೇಗ ಬನ್ನಿ" ಅಂದರು.